ತಿರುವಿನ ಹಿಂದಿದ್ದ ಸವಾರ

ಆ ಶನಿವಾರವೂ ನಾಲ್ಕೂವರೆಗೆ ಎದ್ದೆ. ದೇವರ ಮುಂದೆ ದೀಪ ಹಚ್ಚಿ, ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಸುರಿದು, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಡಿಶ್‌ವಾಷರಿನ ಪಾತ್ರೆಗಳನ್ನು ಒಂದೊಂದಾಗಿ ತೆಗೆದು ಜೋಡಿಸಿದೆ. ಸ್ಟೀಲ್ ಲೋಟಗಳನ್ನು ಸದ್ದಾಗದಂತೆ ಒಂದರೊಳಗೊಂದು ಇಳಿಸುವುದು ಒಂದು ಕಲೆ. ಮನೆಯವರು ಮಲಗಿರುವಾಗ ಇಪ್ಪತ್ತು ವರ್ಷ ಅಡುಗೆಮನೆಯಲ್ಲಿ ಓಡಾಡಿದರೆ ತಾನಾಗಿ ಬರುತ್ತದೆ. ಕಿಟಕಿಯಾಚೆ ಪೈನ್ ಮರಗಳ ಹಳದಿ ಪರಾಗ ಉದುರಿತ್ತು. ಏಪ್ರಿಲ್ ಬಂತೆಂದರೆ ಅಮೆರಿಕದ ಈ ರಾಲಿ ಊರಿನ ಸುತ್ತಮುತ್ತ ಕಾರು, ಮೆಟ್ಟಿಲು, ಅಂಚೆಪೆಟ್ಟಿಗೆ ಎಲ್ಲಕ್ಕೂ ಅರಿಸಿನ ಹಚ್ಚಿದಂತಾಗುತ್ತದೆ. ಹಿಂದಿನ ಸಂಜೆ ಒರೆಸಿದ್ದ, ಹಿತ್ತಲ ಕಡೆಯ ಮರದ ಡೆಕ್ಕಿನ ಕುರ್ಚಿ ಮತ್ತೆ ಹಳದಿಯಾಗಿತ್ತು.

ಕಾಫಿ ಕುಡಿದ ಮೇಲೆ ಫ್ರಿಜ್ಜಿನಿಂದ ಅನ್ನದ ತಟ್ಟೆ ಹೊರಗೆ ತೆಗೆದೆ. ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಬೆಲ್ಲ ಮತ್ತು ಚಿಟಿಕೆ ಉಪ್ಪು ಕಲಸಿ, ಒತ್ತಿ ಇಟ್ಟಿದ್ದೆ. ಈಗ ಅದನ್ನು ಕೊಬ್ಬರಿ ಮಿಠಾಯಿಯ ಹಾಗೆ ಬಿಲ್ಲೆ ಕತ್ತರಿಸಿ ಒಂದೊಂದನ್ನೂ ಫಾಯಿಲಿನಲ್ಲಿ ಸುತ್ತಬೇಕು. ಏಲಕ್ಕಿಯಿಲ್ಲ, ಗೋಡಂಬಿಯಿಲ್ಲ, ತುಪ್ಪವಂತೂ ಕೂಡದೇ ಕೂಡದು. ತುಪ್ಪವಿಲ್ಲದ ಸಿಹಿ ಪೊಂಗಲನ್ನು ಹೆತ್ತ ಮಗಳಿಗೆ, ಅದೂ ಅವಳ ಸೈಕಲ್ ರೇಸಿನ ದಿನ, ಕೊಡುವುದಕ್ಕೆ ನನ್ನ ಮನಸ್ಸು ಒಪ್ಪುತ್ತಿರಲಿಲ್ಲ. ಆದರೆ ಪಕ್ಕದ ಮನೆಯವರು ಖಡಾಖಂಡಿತವಾಗಿ ಹೇಳಿದ್ದರು. "ತುಪ್ಪ ಇಲ್ಲ, ಮ್ಯಾಡಮ್. ಏರಿನಲ್ಲಿ ಹೊಟ್ಟೆ ಭಾರ, ಕಾಲು ಸೊನ್ನೆ." ಫಾಯಿಲಿನ ಒಂದು ಮೂಲೆಯನ್ನು ಕಿವಿಯಂತೆ ಹೊರಗೆ ಬಿಡಬೇಕೆಂದೂ ಅವರೇ ತೋರಿಸಿಕೊಟ್ಟಿದ್ದರು. ಸೈಕಲ್ ಓಡಿಸುತ್ತಿರುವವರು ಅದನ್ನು ಹಲ್ಲಿನಲ್ಲಿ ಕಚ್ಚಿ ಬಿಚ್ಚಬೇಕಲ್ಲ.

ಪಕ್ಕದ ಮನೆಯವರು ರಷ್ಯಾದವರು. ಐವತ್ತು ದಾಟಿದ, ಒಣಕಲು ಮೈಯ, ಎತ್ತರದ ಮನುಷ್ಯ. ಹೆಂಡತಿ ಇಲ್ಲಿನ ಒಂದು ಔಷಧ ಕಂಪನಿಯಲ್ಲಿ ವಿಜ್ಞಾನಿ, ಇವರು ಮನೆಯಲ್ಲೇ ಇದ್ದು ಗ್ಯಾರೇಜಿನಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದರು. ಕೋವಿಡ್ಡಿನ ಮೊದಲ ಬೇಸಿಗೆಯಲ್ಲಿ ಎಲ್ಲರೂ ಮನೆಯೊಳಗೆ ಕೂತು ಬೇಸತ್ತು, ಮೂಲೆಗೆಸೆದಿದ್ದ ಸೈಕಲ್ಲುಗಳನ್ನು ಹೊರಗೆ ಎಳೆದಾಗ ಅವರ ಗ್ಯಾರೇಜಿನ ಮುಂದೆ ಸಾಲು ನಿಂತಿತ್ತು. ಮಾಸ್ಕ್ ಹಾಕಿಕೊಂಡು, ಆರಡಿ ದೂರದಲ್ಲಿ, ನಮ್ಮ ಮಗಳೂ ತನ್ನ ಸೈಕಲ್ ಹಿಡಿದು ನಿಂತಿದ್ದಳು. ಅವಳಿಗೆ ಆಗ ಹದಿನಾಲ್ಕು. ಬ್ರೇಕ್ ಸರಿಮಾಡಿಕೊಟ್ಟ ಅವರು ಅವಳು ರಸ್ತೆಯ ಕೊನೆಯವರೆಗೆ ಹೋಗಿ ಬರುವುದನ್ನು ಕೈಕಟ್ಟಿ ನೋಡಿದರಂತೆ. ನಂತರ ಸೀಟನ್ನು ಎರಡು ಬೆರಳಷ್ಟು ಎತ್ತರಿಸಿ "ಈಗ ಮತ್ತೆ" ಎಂದರಂತೆ. ಅಷ್ಟೇ. ಅಂದಿನಿಂದ ಅವರು ಅವಳಿಗೆ ಕೋಚ್.

ಅವರು ಯಾರು ಎಂದು ನನಗೆ ಗೊತ್ತಾಗಲು ವರ್ಷವೇ ಹಿಡಿಯಿತು. ಗೊತ್ತಾದದ್ದು ಒಂದು ಲೋಟ ಕಾಫಿಯಿಂದ. ಮಗಳ ಸೈಕಲ್ಲಿಗೆ ಏನೋ ಮಾಡುತ್ತಿದ್ದವರಿಗೆ ಒಮ್ಮೆ ಫಿಲ್ಟರ್ ಕಾಫಿ ತೆಗೆದುಕೊಂಡು ಹೋದೆ. ಸ್ಟೀಲ್ ಲೋಟದ ಅಂಚು ಹಿಡಿಯಬೇಕು, ನಡು ಸುಡುತ್ತದೆ ಎಂದು ಹೇಳುವಷ್ಟರಲ್ಲೇ ಅವರು ಕಿರುಬೆರಳು, ಉಂಗುರಬೆರಳುಗಳನ್ನು ಬಳಸಿ ಲೋಟವನ್ನು ನಡುವಿಗೇ ಹಿಡಿದುಕೊಂಡಿದ್ದರು. ಬೆರಳುಗಳು ಕೆಂಪಾದವು. ಅವರು ಆರಾಮವಾಗಿ ಗುಟುಕರಿಸುತ್ತಲೇ ಇದ್ದರು.

"ಸುಡಲ್ವಾ?" ಎಂದೆ ಇಂಗ್ಲಿಷಿನಲ್ಲಿ.

ಅವರು ಬೆರಳುಗಳನ್ನು ನೋಡಿಕೊಂಡರು, ಬೇರೆಯವರ ಬೆರಳುಗಳೇನೋ ಎಂಬಂತೆ. "ಈ ಎರಡು, ಆ ಎರಡು, ನಿದ್ದೆ. ಹದಿಮೂರು ವರ್ಷ ಹ್ಯಾಂಡಲ್ ಒತ್ತಿ ಒತ್ತಿ." ಅವರ ಇಂಗ್ಲಿಷಿನಲ್ಲಿ ಕ್ರಿಯಾಪದಗಳು ಕಡಿಮೆ. ನಾನು ಇಲ್ಲಿ ಕನ್ನಡದಲ್ಲಿ ಬರೆಯುವಾಗಲೂ ಅದನ್ನು ಹಾಗೆಯೇ ಬಿಟ್ಟಿದ್ದೇನೆ, ತುಂಬಿಸಿದರೆ ಅದು ಅವರ ಮಾತಾಗುವುದಿಲ್ಲ.

ಅವರ ಹಿಂದಿನ ಗೋಡೆಗೆ ಒಂದು ಫೋಟೋ ತೂಗುಹಾಕಿದ್ದರು. ಬೆಟ್ಟದ ರಸ್ತೆ, ಎರಡೂ ಬದಿಗೆ ಕಿಕ್ಕಿರಿದ ಜನ, ನಡುವೆ ಒಬ್ಬ ಸವಾರ ಎರಡೂ ಕೈ ಆಕಾಶಕ್ಕೆ ಎತ್ತಿ ಗೆಲುವಿನ ಗೆರೆ ದಾಟುತ್ತಿದ್ದಾನೆ. ಹತ್ತಿರ ಹೋಗಿ ಮುಖ ನೋಡಿದೆ. ಇವರಲ್ಲ.

"ಇದರಲ್ಲಿ ನೀವೆಲ್ಲಿ?"

ಅವರು ಎದ್ದು ಬಂದು, ಫೋಟೋದಲ್ಲಿ ಗೆದ್ದವನ ಹಿಂದೆ ಖಾಲಿ ರಸ್ತೆ ಬಂಡೆಯೊಂದನ್ನು ಸುತ್ತಿ ಮಾಯವಾಗುವ ಕಡೆ ಬೆರಳಿಟ್ಟರು. "ಈ ತಿರುವಿನ ಹಿಂದೆ. ನಾಲ್ಕು ಕಿಲೋಮೀಟರ್ ಹಿಂದೆ. ಫೋಟೋದಲ್ಲಿ ಇಲ್ಲ. ಆದರೆ ಆ ದಿನ ಇದ್ದೆ."

ನಂತರ ಬಿಡಿ ಬಿಡಿಯಾಗಿ, ಚೈನಿಗೆ ಎಣ್ಣೆ ಹಾಕುತ್ತಲೋ ಟೈರು ಬಿಗಿಯುತ್ತಲೋ, ಅವರು ಹೇಳಿದ್ದನ್ನೆಲ್ಲ ನಾನು ಜೋಡಿಸಿಕೊಂಡೆ. ಯುರಲ್ ಪರ್ವತಗಳಾಚೆ ಒಂದು ಕಾರ್ಖಾನೆಯ ಊರು. ಹನ್ನೆರಡನೆಯ ವಯಸ್ಸಿನಲ್ಲಿ ಶಾಲೆಗೆ ಬಂದ ಯಾರೋ ಎಲ್ಲ ಹುಡುಗರಿಂದಲೂ ಒಂದು ಕೊಳವೆಯೊಳಗೆ ಊದಿಸಿ, ಉಸಿರು ಅಳೆದು, ಇವರನ್ನು ಸೈಕಲ್ ತರಬೇತಿಗೆ ಆರಿಸಿದರು. ದೇಶವೇ ಒಡೆದು ಬೇರೆಬೇರೆಯಾದ ಹೊತ್ತಿಗೆ ಇಪ್ಪತ್ತೊಂದರ ವಯಸ್ಸು. ಒಂದು ಬಟ್ಟೆಚೀಲ, ಒಂದು ಸೈಕಲ್, ಇಟಲಿಗೆ ರೈಲು. ಅಲ್ಲಿ ಹದಿಮೂರು ವರ್ಷ ವೃತ್ತಿಪರ ತಂಡಗಳಲ್ಲಿ ಸವಾರಿ. ಮೂರು ವಾರ ಎಡೆಬಿಡದೆ, ದಿನಕ್ಕೆ ಬೆಂಗಳೂರಿನಿಂದ ಮೈಸೂರಿಗಿಂತಲೂ ದೂರ, ಹಿಮ ಬೀಳುವ ಬೆಟ್ಟಗಳನ್ನು ಹತ್ತಿ ಇಳಿದು ಸಾಗುವ ರೇಸುಗಳು.

ಆ ಹದಿಮೂರು ವರ್ಷಗಳಲ್ಲಿ ಒಂದು ರೇಸನ್ನೂ ಅವರು ಗೆದ್ದಿಲ್ಲ. ಗೆಲ್ಲುವುದು ಅವರ ಕೆಲಸವಾಗಿರಲಿಲ್ಲ. ಒಂಬತ್ತು ಜನರ ತಂಡದಲ್ಲಿ ಗೆಲ್ಲಬೇಕಾದವನು ಒಬ್ಬ, ಮಿಕ್ಕವರು ಅವನಿಗಾಗಿ. ಇವರ ಕೆಲಸ ನೀರು. ಹಿಂದೆ ಬರುವ ತಂಡದ ಕಾರಿನವರೆಗೆ ಇಳಿದು, ಎಂಟು ಒಂಬತ್ತು ಬಾಟಲಿಗಳನ್ನು ಅಂಗಿಯ ಬೆನ್ನಿನೊಳಗೆ, ಕತ್ತಿನೊಳಗೆ ತುರುಕಿಕೊಂಡು, ಗೂನುಬೆನ್ನಿನವರ ಹಾಗೆ ಬಾಗಿ ಮತ್ತೆ ನೂರೈವತ್ತು ಸವಾರರನ್ನು ದಾಟಿ ಮುಂದೆ ಬಂದು ಹಂಚಬೇಕು. ಹಂಚಿ ಮುಗಿಯುವಷ್ಟರಲ್ಲಿ ಮತ್ತೆ ಬಾಯಾರಿಕೆ, ಮತ್ತೆ ಹಿಂದಕ್ಕೆ. ಎದುರುಗಾಳಿ ಬಂದರೆ ಮುಂದೆ ನಿಂತು ಗಾಳಿಗೆ ಎದೆ ಕೊಡಬೇಕು, ನಾಯಕ ಇವರ ಬೆನ್ನಿನ ಮರೆಯಲ್ಲಿ ಬರುತ್ತಾನೆ. ಅವನ ಚಕ್ರ ಪಂಕ್ಚರಾದರೆ ಇವರದನ್ನು ಬಿಚ್ಚಿ ಕೊಡಬೇಕು. ಒಮ್ಮೆ ಹಾಗೆ ಕೊಟ್ಟು, ಮಳೆಯಲ್ಲಿ ಒಂದೇ ಚಕ್ರದ ಸೈಕಲ್ ಹಿಡಿದು ಒಂದು ದ್ರಾಕ್ಷಿತೋಟದ ಬೇಲಿಯ ಪಕ್ಕ ನಿಂತಿದ್ದರಂತೆ. ತಂಡದ ಕಾರು ಬರುವವರೆಗೆ ಒಬ್ಬ ಮುದುಕಿ ಮನೆಯಿಂದ ಕೊಡೆ ತಂದು ಹಿಡಿದಿದ್ದಳಂತೆ.

"ಬೇಜಾರಾಗ್ತಿರಲಿಲ್ವಾ?" ಎಂದು ಕೇಳಿದ್ದೆ.

"ಯಾಕೆ? ಒಳ್ಳೆ ಕೊಡೆ" ಎಂದರು.

ಕೊನೆಯ ವರ್ಷ ಇಳಿಜಾರಿನಲ್ಲಿ ಬಿದ್ದು ಬಲ ಸೊಂಟದ ಕೀಲು ಮುರಿಯಿತು. ಒಳಗೆ ಲೋಹವಿದೆ. ಓಡಬಾರದು, ಜಿಗಿಯಬಾರದು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಹಾಗಾಗಿ ಊರವರ ಸೈಕಲ್ಲೆಲ್ಲ ತುಂಬಿದ್ದ ಆ ಗ್ಯಾರೇಜಿನಲ್ಲಿ ಅವರದೆನ್ನುವ ಒಂದು ಸೈಕಲ್ಲೂ ಇರಲಿಲ್ಲ.

ಆ ಶನಿವಾರದ ರೇಸು ನಮ್ಮ ಮಗಳದು. ಹದಿನೆಂಟರೊಳಗಿನ ಹುಡುಗಿಯರಿಗೆ, ರಾಲಿಯಿಂದ ಪಶ್ಚಿಮಕ್ಕೆ ಎರಡು ಗಂಟೆ ದೂರದ ಏರಿಳಿತದ ರಸ್ತೆಯಲ್ಲಿ, ಇಪ್ಪತ್ತೈದು ಕಿಲೋಮೀಟರಿನ ಮೂರು ಸುತ್ತು. ಮೊದಲ ಇಪ್ಪತ್ತರೊಳಗೆ ಬಂದವರಿಗೆ ಬೇಸಿಗೆಯಲ್ಲಿ ಬೆಟ್ಟದ ಮೇಲೆ ತರಬೇತಿ ಶಿಬಿರ. ಹಿಂದಿನ ವರ್ಷ ಅವಳು ಇಪ್ಪತ್ತಾರನೆಯವಳಾಗಿ, ಮನೆಗೆ ಬಂದು, ಶೂ ಬಿಚ್ಚದೆ ಮೆಟ್ಟಿಲ ಮೇಲೆ ಕೂತಿದ್ದಳು. ಮುಂದಿನ ವರ್ಷ ಹದಿನೆಂಟು ದಾಟುತ್ತದೆ. ಇದೇ ಕೊನೆಯ ಅವಕಾಶ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಪ್ರತಿ ಸುತ್ತಿನ ಕೊನೆಗೆ ಒಂದು ಏರಿದೆ. ಅಲ್ಲಿ ರಸ್ತೆಬದಿ ನಿಂತು, ಓಡುವ ಸೈಕಲ್ಲಿಗೆ ಬಾಟಲಿ ಮತ್ತು ತಿಂಡಿಯ ಬಟ್ಟೆಚೀಲ ಕೊಡಬಹುದು. ಒಬ್ಬ ಸವಾರಳಿಗೆ ಒಬ್ಬರೇ, ಕೈಗೆ ಹಸಿರು ಪಟ್ಟಿ ಕಟ್ಟಿಸಿಕೊಂಡವರು. ಯಾವಾಗಲೂ ಈ ಕೆಲಸ ನನ್ನ ಗಂಡನದು. ಆ ವಾರ ಅವರಿಗೆ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರಿನ ರಿಲೀಸ್.

"ಶನಿವಾರ ಇಡೀ ದಿನ ಕಾಲ್‌ನಲ್ಲಿ ಇರ್ಬೇಕು ಕಣೇ. ನೀನೇ ಹೋಗು. ಸ್ಕೂಲ್ ಬಸ್ ಹೊರಟ್ಮೇಲೆ ಓಡಿಹೋಗಿ ಟಿಫಿನ್ ಬಾಕ್ಸ್ ಕೊಡ್ತಿರ್ಲಿಲ್ವಾ, ಅದೇ ಥರ."

"ಬಸ್ಸು ನಿಲ್ಲಿಸ್ತಿದ್ರು. ಇವಳು ನಿಲ್ಲಿಸ್ತಾಳಾ?"

"ಅಮ್ಮ, ನಾನು ಸ್ಟಾಪ್ ಮಾಡಲ್ಲ. ನೀನು ಭಯ ಪಡಬಾರ್ದು, ಅಷ್ಟೇ" ಎಂದಳು ಮಗಳು.

ಪಕ್ಕದ ಮನೆಯವರು ತಾವೇ ಕೊಡಬಹುದಿತ್ತು. ಆದರೆ ಆ ನಿದ್ದೆಯ ಬೆರಳುಗಳು. ಸವಾರಳು ಚೀಲ ಹಿಡಿದ ಕ್ಷಣವೇ ಕೊಡುವವರು ಬಿಡಬೇಕು. ಕಣ್ಣು ಮಿಟುಕಿಸುವಷ್ಟು ತಡವಾದರೂ ಅವಳು ನೆಲಕ್ಕೆ. ಅವರ ಕೈಗೆ ಆ ಕ್ಷಣ ತಿಳಿಯುವುದಿಲ್ಲ. ಆದ್ದರಿಂದ ಎರಡು ವಾರ, ಸಂಜೆ ನಾಲ್ಕಕ್ಕೆ, ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ನನಗೆ ಪಾಠ. ಬರುವ ಸೈಕಲ್ಲಿನ ಕಡೆ ಮುಖ ಮಾಡಿ ರಸ್ತೆಯ ಬಲ ಅಂಚಿನಲ್ಲಿ ನಿಲ್ಲಬೇಕು. ಚೀಲದ ಪಟ್ಟಿಯನ್ನು ಎರಡೇ ಬೆರಳಲ್ಲಿ, ಹೂಮಾಲೆ ಹಿಡಿದ ಹಾಗೆ. ಬಲಗೈ ಭುಜದೆತ್ತರಕ್ಕೆ, ಮೈಯಿಂದ ಪೂರ್ತಿ ದೂರ. "ಮುಖ ನೋಡಬೇಡಿ. ನೀವು ಮುಖ ನೋಡಿದರೆ, ಅವಳೂ ಮುಖ. ಇಬ್ಬರೂ ಮುಖ, ಚೀಲ ನೆಲ." ಮಗಳು ಹತ್ತು ಸಲ, ಇಪ್ಪತ್ತು ಸಲ ನನ್ನ ಪಕ್ಕದಲ್ಲೇ ರೊಯ್ಯನೆ ಹಾದು ಚೀಲ ಕಸಿದುಕೊಂಡು ಹೋದಳು. ಎರಡನೆಯ ವಾರ ಒಂದೂ ಬೀಳಲಿಲ್ಲ.

ಬೆಳಗ್ಗೆ ಆರಕ್ಕೆ ಮೂವರೂ ನಮ್ಮ ವ್ಯಾನಿನಲ್ಲಿ ಹೊರಟೆವು. ನಾನು ಡ್ರೈವ್ ಮಾಡುತ್ತಿದ್ದೆ, ಅವರು ಪಕ್ಕದಲ್ಲಿ, ಮಗಳು ಹಿಂದೆ ಕಿವಿಗೆ ಹಾಡು ಹಾಕಿಕೊಂಡು ಕಣ್ಣು ಮುಚ್ಚಿದ್ದಳು. ಹೈವೇಯಲ್ಲಿ ಅವರು ಇದ್ದಕ್ಕಿದ್ದಂತೆ ಒಬ್ಬ ಹೆಂಗಸಿನ ವಿಷಯ ಹೇಳಿದರು. ಅವರ ತಂಡಕ್ಕೆ ರಸ್ತೆಬದಿ ಚೀಲ ಕೊಡುತ್ತಿದ್ದವಳು. ಏಳು ವರ್ಷ, ಬೇರೆ ಬೇರೆ ದೇಶ, ಬಿಸಿಲು, ಹಿಮ, ಒಂದು ದಿನವೂ ತಪ್ಪಿಸಿದವಳಲ್ಲ. ಊಟದ ಮನೆಯಲ್ಲಿ, ಹೋಟೆಲಿನಲ್ಲಿ ಅವಳು ಎದುರಾದರೆ ಇವರಿಗೆ ಒಂದು ಕ್ಷಣ ಗುರುತು ಹತ್ತುತ್ತಿರಲಿಲ್ಲವಂತೆ. ರಸ್ತೆಯಲ್ಲಿ ಇವರು ನೋಡುತ್ತಿದ್ದದ್ದು ಅವಳ ಕೈ ಮಾತ್ರ. "ಉಗುರು ತುಂಬ ಚಿಕ್ಕದು. ಇಲ್ಲಿ ಸುಟ್ಟ ಕಲೆ, ಇಸ್ತ್ರಿಪೆಟ್ಟಿಗೆ. ಚಳಿಗೆ ನೀಲಿ. ನೂರು ಕೈ ಚಾಚಿರುತ್ತೆ, ಅದರಲ್ಲಿ ನನಗೆ ಅದು ಒಂದೇ." ಅವರು ನಿವೃತ್ತರಾದ ಮೇಲೆ ಅವಳು ತೀರಿಕೊಂಡಳಂತೆ. ತಂಡದವರು ಕಳಿಸಿದ ಫೋಟೋದಲ್ಲಿ ಮುಖ ನೋಡಿ ಯಾರೆಂದು ಕೇಳಿದರಂತೆ ಇವರು. ನಾನು ಸ್ಟೀರಿಂಗಿನ ಮೇಲಿದ್ದ ನನ್ನ ಕೈಗಳನ್ನು ನೋಡಿಕೊಂಡೆ.

ಏರಿನ ಬಳಿ ಒಂದು ಚರ್ಚು, ಅದರ ಜಲ್ಲಿಕಲ್ಲಿನ ಪಾರ್ಕಿಂಗ್. ಮಗಳನ್ನು ಆರಂಭದ ಜಾಗಕ್ಕೆ ಕಳಿಸಿ, ಹಸಿರು ಪಟ್ಟಿ ಕಟ್ಟಿಸಿಕೊಂಡು ನಾವು ಅಲ್ಲಿಗೆ ಬಂದಾಗ ರೇಸಿನವರೊಬ್ಬರು ತಿಂಡಿ ಕೊಡುವ ಜಾಗ ಗುರುತಿಸುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನ್‌ಗಳನ್ನು ರಸ್ತೆಯ ಆಚೆ ಬದಿಗೆ ಒಯ್ಯುತ್ತಿದ್ದರು. ವಾರದ ಮಳೆಗೆ ಬಲ ಅಂಚಿನ ಕೆಂಪುಮಣ್ಣು ಕುಸಿದು ಚರಂಡಿಗೆ ಹೋಗಿತ್ತು. ಈ ಸಲ ತಿಂಡಿ, ನೀರು ಎಲ್ಲ ಎಡಬದಿಯಿಂದ.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಎಡ ಅಂಚಿನಲ್ಲಿ, ಬರುವವರ ಕಡೆ ಮುಖ ಮಾಡಿ ನಿಂತರೆ ರಸ್ತೆ ನನ್ನ ಎಡಕ್ಕೆ. ಅಂದರೆ ಎಡಗೈ.

"ಎಡಗೈ. ಅಷ್ಟೇ. ಕನ್ನಡಿಯ ಹಾಗೆ" ಎಂದರು ಅವರು.

ಹೌದೌದು ಎಂದು ತಲೆಯಾಡಿಸಿದೆ. ಚೀಲವನ್ನು ಎಡಗೈಗೆ ತೆಗೆದುಕೊಂಡೆ. ಮುಕ್ಕಾಲು ಗಂಟೆಯ ನಂತರ ಕೆಳಗಿನಿಂದ ಸೈಕಲ್ಲುಗಳ ಗುಂಪು ಜೇನುಹುಳುಗಳ ಸದ್ದು ಮಾಡುತ್ತಾ ಹತ್ತಿ ಬಂತು. ಬಣ್ಣಗಳ ನಡುವೆ ಮಗಳ ನೀಲಿ ಅಂಗಿ ಕಂಡಿತು. ಹನ್ನೆರಡೋ ಹದಿಮೂರನೆಯವಳೋ ಆಗಿದ್ದಳು. ಎರಡು ಬಾಟಲಿ ಇರಬೇಕಾದ ಕಡೆ ಒಂದೇ ಇತ್ತು. ರೈಲ್ವೆ ಹಳಿ ದಾಟುವಾಗ ಇನ್ನೊಂದು ಎಗರಿಹೋಗಿತ್ತೆಂದು ನನಗೆ ಆಮೇಲೆ ತಿಳಿಯಿತು. "ಅಮ್ಮ! ವಾಟರ್!" ಎಂದು ಕಿರುಚಿದಳು.

ಆಗ ಏನಾಯಿತೆಂದರೆ ಚೀಲ ನನ್ನ ಬಲಗೈಗೆ ಬಂದುಬಿಟ್ಟಿತ್ತು. ನಾನು ಬದಲಾಯಿಸಿದ್ದು ನನಗೇ ತಿಳಿಯದು. ಬಲಗೈ ರಸ್ತೆಯ ಕಡೆ ಚಾಚಬೇಕೆಂದು ನನ್ನ ಮೈ ಅರ್ಧ ತಿರುಗಿ, ತೋಳು ಎದೆಗೆ ಅಡ್ಡವಾಯಿತು. ಮಗಳ ಬೆರಳು ಪಟ್ಟಿಗೆ ತಾಗಿದ್ದು ಗೊತ್ತಾಯಿತು. ಚೀಲ ಕೆಳಗೆ ಬಿತ್ತು. ಹಿಂದೆ ಬಂದ ಯಾರದೋ ಚಕ್ರ ಅದರ ಮೇಲೆ ಹರಿಯಿತು. ಅನ್ನದ ಬಿಲ್ಲೆಗಳು ಡಾಂಬರಿಗೆ ಅಂಟಿ, ಬಾಟಲಿ ಇಳಿಜಾರಿನಲ್ಲಿ ಉರುಳುತ್ತಾ ಹೋಯಿತು. ಮಗಳು ತಿರುಗಿ ನೋಡಲಿಲ್ಲ. ಅರ್ಧ ಬಾಟಲಿ ನೀರಿನಲ್ಲಿ ಇನ್ನೊಂದು ಸುತ್ತು ಹೊರಟುಹೋದಳು.

ನಾನು ಕೋನಿನ ಪಕ್ಕ ಹಾಗೇ ಕೂತುಬಿಟ್ಟೆ. ಅವರು ಹೋಗಿ ಚೀಲ ಎತ್ತಿಕೊಂಡು ಬಂದರು.

ನಾಚಿಕೆಯನ್ನು ಹೇಗೋ ಹೇಳಿ ಮುಗಿಸಬೇಕಿತ್ತು, ಹೇಳಿದೆ. ನಾನು ಹುಟ್ಟು ಎಡಚಿ. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು, ತುಂಬ ಮೃದುವಾದವರು, ಒಂದು ಪೆಟ್ಟೂ ಹಾಕಲಿಲ್ಲ, ಬರೆಯುವಾಗ ಎಡಗೈಯ ಮೇಲೆ ಕೂತುಕೋ ಎನ್ನುತ್ತಿದ್ದರು. ಬೆಂಚಿನ ಮರದ ಗೀರು ಅಂಗೈಯಲ್ಲಿ ಮೂಡುತ್ತಿತ್ತು. ಮನೆಯಲ್ಲಿ ಅಜ್ಜಿ, ಎಡಗೈಯಲ್ಲಿ ಅನ್ನ ಕೊಟ್ಟರೆ ತೆಗೆದುಕೊಂಡವರಿಗೆ ದಕ್ಕುವುದಿಲ್ಲ ಎನ್ನುತ್ತಿದ್ದರು. ಈ ನಲವತ್ತು ವರ್ಷಗಳಲ್ಲಿ ಒಂದು ಲೋಟ ನೀರನ್ನೂ ನಾನು ಯಾರಿಗೂ ಎಡಗೈಯಲ್ಲಿ ಕೊಟ್ಟಿಲ್ಲ. ಅಂಗಡಿಯಲ್ಲಿ ಕಾರ್ಡು ಕೊಡುವಾಗಲೂ ಎಡಗೈಯಲ್ಲಿದ್ದರೆ ಬಲಗೈಗೆ ಬದಲಾಯಿಸಿಯೇ ಕೊಡುವುದು. ಅದೂ ಅನ್ನ. ಅದೂ ಹೆತ್ತ ಮಗಳಿಗೆ.

ನಗುತ್ತಾರೆಂದುಕೊಂಡಿದ್ದೆ. ಅವರು ಒಬ್ಬ ಮೆಕ್ಯಾನಿಕ್ ಕೆಟ್ಟ ಬ್ರೇಕಿನ ವಿಷಯ ಕೇಳಿಸಿಕೊಳ್ಳುವಷ್ಟು ಗಮನವಿಟ್ಟು ಕೇಳಿಸಿಕೊಂಡರು.

"ಅವಳು ಮಗು ಇದ್ದಾಗ, ಯಾವ ಕೈ ಎತ್ತಿಕೊಂಡಿದ್ದು?"

ಯೋಚಿಸಿದೆ. "ಎಡಗೈ. ಬಲಗೈಯಲ್ಲಿ ಒಗ್ಗರಣೆ ಹಾಕ್ಬೇಕಲ್ಲ."

"ಒಳ್ಳೆಯದು. ಆ ಕೈಗೆ ಅವಳು ಗೊತ್ತು."

"ಆಗ ಅವಳು ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ಓಡ್ತಿರಲಿಲ್ಲ" ಎಂದೆ. ಅವರು ನಕ್ಕರು. ಗಡಿಯಾರ ನೋಡಿದರು. "ನಲವತ್ತು ನಿಮಿಷ. ಏಳಿ."

ಚರ್ಚಿನ ಪಾರ್ಕಿಂಗಿನಲ್ಲಿ ನನ್ನನ್ನು ನಿಲ್ಲಿಸಿದರು. ಉಳಿದ ಬಾಟಲಿ, ಉಳಿದ ಬಿಲ್ಲೆಗಳನ್ನು ಚೀಲಕ್ಕೆ ಹಾಕಿ ನನ್ನ ಎಡಗೈಗೆ ಕೊಟ್ಟರು. ಬಲಗೈಯನ್ನು ನನ್ನ ಜೀನ್ಸಿನ ಹಿಂದಿನ ಜೇಬಿಗೆ ಹಾಕಿಕೊಳ್ಳಲು ಹೇಳಿದರು. ಮುಂದೇನೆಂದು ನೋಡುತ್ತಿದ್ದಂತೆ ಅವರು ಪಾರ್ಕಿಂಗಿನ ಕೆಳ ತುದಿಗೆ ಹೋಗಿ, ಅಂಗಿಯ ತೋಳು ಮಡಿಸಿ, ಓಡಲು ಶುರುಮಾಡಿದರು.

"ಓಡಬೇಡಿ! ನಿಮ್ಮ ಸೊಂಟ!" ಎಂದು ಕೂಗಿದೆ.

"ಮುಖ ನೋಡಬೇಡಿ!" ಎಂದು ತಿರುಗಿ ಕೂಗಿದರು.

ಓಟವೆಂದರೆ ಎಂಥ ಓಟ. ಪ್ರತಿ ಎರಡನೆಯ ಹೆಜ್ಜೆಗೆ ಬಲಗಡೆ ಕುಸಿದು, ಕುಸಿದದ್ದನ್ನೇ ಮುಂದಿನ ಹೆಜ್ಜೆಗೆ ನೂಕುಬಲ ಮಾಡಿಕೊಂಡು, ಜಲ್ಲಿ ಚಿಮ್ಮಿಸುತ್ತಾ, ಹ್ಯಾಂಡಲ್ ಹಿಡಿದವರ ಹಾಗೆ ಬಲಗೈ ಮುಂದಿಟ್ಟು, ಎಡಗೈ ಚಾಚಿ ಏರಿ ಬಂದರು. ಬಂದವರೇ ತೋಳನ್ನು ಪಟ್ಟಿಯೊಳಗೆ ತೂರಿಸಿ ಚೀಲ ಎಳೆದುಕೊಂಡು ಹೋದರು. ನಾನು ತಡವಾಗಿ ಬಿಟ್ಟೆ, ಅವರು ಮುಗ್ಗರಿಸಿದರು. ಚೀಲ ವಾಪಸ್ಸು ಕೊಟ್ಟು, ನಡೆದು ಕೆಳಗೆ ಹೋಗಿ, ಮತ್ತೆ ಓಡಿ ಬಂದರು. ನಾನು ಬೇಗ ಬಿಟ್ಟೆ. ಮತ್ತೆ. ನನ್ನ ಬಲಗೈ ಜೇಬಿನಿಂದ ಹೊರಗೆ ಬಂದಿತ್ತು. ಅವರು ಬೆರಳು ತೋರಿಸಿದರು, ಒಳಗೆ ಹಾಕಿಕೊಂಡೆ. ಮತ್ತೆ. ಇತರ ಹುಡುಗಿಯರ ಅಪ್ಪಂದಿರು ಮಡಚುಕುರ್ಚಿಗಳಲ್ಲಿ ಕೂತು ನೋಡುತ್ತಿದ್ದರು. ಒಬ್ಬರು ಕಾಫಿ ಕಪ್ಪು ಅರ್ಧಕ್ಕೆ ಎತ್ತಿದವರು ಹಾಗೇ ಇದ್ದರು.

ಹತ್ತೋ ಹನ್ನೆರಡೋ ಸಲವಾದ ಮೇಲೆ ಅವರ ಮುಖ ನೋಡುವುದನ್ನು ನಾನು ನಿಜವಾಗಿಯೂ ನಿಲ್ಲಿಸಿದೆ. ಕೈ ಮಾತ್ರ ಕಂಡಿತು. ಚಾಚಿ ಬರುತ್ತಿದ್ದ ಅಂಗೈ, ಒಳಕ್ಕೆ ಬಾಗಿದ ಆ ಎರಡು ಬೆರಳು, ಗೆಣ್ಣುಗಳ ಮೇಲೆ ಎಂದೋ ಡಾಂಬರಿಗೆ ಉಜ್ಜಿ ಬೆಳ್ಳಗಾದ ಚರ್ಮ. ಈ ಮನುಷ್ಯ ಆಲ್ಪ್ಸ್ ಪರ್ವತ ಹತ್ತಿದ್ದಾರೆ, ಒಂದಲ್ಲ, ಎಷ್ಟೋ ಬಾರಿ, ಬೆನ್ನ ತುಂಬ ಬೇರೆಯವರ ನೀರು ಹೊತ್ತುಕೊಂಡು. ಅದನ್ನು ಕಥೆಯಾಗಿ ಕೇಳಿದ್ದೆ, ಫೋಟೋದಲ್ಲಿ ಖಾಲಿ ತಿರುವನ್ನು ನೋಡಿದ್ದೆ. ಹೇಗಿತ್ತೆಂದು ಕಂಡದ್ದು ಮಾತ್ರ ಆ ಪಾರ್ಕಿಂಗಿನಲ್ಲೇ. ಯಾರೂ ಹೇಳಿರಲಿಲ್ಲ, ಯಾರೂ ಸಂಬಳ ಕೊಡುತ್ತಿರಲಿಲ್ಲ. ಬೇಕಾಗಿದ್ದದ್ದು ಒಂದು ಕೆಲಸ, ಮಾಡಲು ಒಂದು ದೇಹ ಇತ್ತು, ಅಷ್ಟೇ ಎಂಬಂತೆ ಹತ್ತುತ್ತಿದ್ದರು. ಕಾನ್ವೆಂಟಿನ ಚರ್ಚಿನೊಳಗೆ ಚಿಕ್ಕಂದಿನಲ್ಲಿ ಆಗುತ್ತಿದ್ದ ಹಾಗೆ ನನಗೆ ದನಿ ತಗ್ಗಿಸಿ ಮಾತಾಡಬೇಕೆನ್ನಿಸಿತು.

ಹದಿನೈದನೆಯ ಸಲವೋ ಏನೋ, ಚೀಲ ನನ್ನ ಎಡಗೈಯಿಂದ ಹೋದದ್ದು ನನಗೆ ಗೊತ್ತಾಗಲಿಲ್ಲ. ಹೋಗಿತ್ತು. ಅವರು ಅಷ್ಟು ದೂರದಲ್ಲಿ ನಿಂತು, ಮಂಡಿಗಳ ಮೇಲೆ ಕೈಯೂರಿ, "ಇದು" ಎಂದರು.

ಗುಂಪು ಎರಡನೆಯ ಸಲ ಬಂದಾಗ ಹಿಂದಿನಂತಿರಲಿಲ್ಲ, ಚೂರುಚೂರಾಗಿತ್ತು. ಮುಂದೆ ಆರು ಜನ, ಅವರ ಹಿಂದೆ ನಾಲ್ವರು, ನಂತರ ಉದ್ದಕ್ಕೂ ಚದುರಿದವರು. ಮಗಳು ಇಪ್ಪತ್ತಮೂರನೆಯವಳು, ನಾನು ಎಣಿಸಿದೆ. ಬಾಯಿ ತೆರೆದಿತ್ತು, ತುಟಿಯ ಅಂಚಿಗೆ ಉಪ್ಪು ಬಿಳಿಯಾಗಿ ಕೂತಿತ್ತು. ಈ ಸಲ ಕಿರುಚಲಿಲ್ಲ, ಕಿರುಚುವಷ್ಟು ತೇವ ಬಾಯಲ್ಲಿ ಉಳಿದಿರಲಿಲ್ಲವೇನೋ. ಬಲಗೈ ಜೇಬಿನಲ್ಲಿತ್ತು. ಎಡಗೈ ಎತ್ತಿದೆ, ಮೈಯಿಂದ ದೂರ, ಭುಜದೆತ್ತರಕ್ಕೆ. ಅವಳ ಮುಖ ನೋಡಬಾರದೆಂದು ಕೈ ನೋಡಿದೆ. ನಾನು ಹೊಲಿದಿದ್ದ ಗ್ಲೌಸಿನ ಹರಿದ ಅಂಚು, ಕಿತ್ತುಹೋದ ನೇಲ್‌ಪಾಲಿಶ್. ಆ ಕೈ ಬಂತು. ಪಟ್ಟಿ ಬಿಗಿಯಾಯಿತು. ಬಿಟ್ಟೆ.

ತಿರುಗಿದಾಗ ಅವಳು ಚೀಲವನ್ನು ಕತ್ತಿಗೆ ಹಾಕಿಕೊಂಡು ಬಾಟಲಿಯನ್ನು ಹಲ್ಲಿನಲ್ಲಿ ಬಿಚ್ಚುತ್ತಾ ಏರಿನ ನೆತ್ತಿ ದಾಟುತ್ತಿದ್ದಳು.

"ಕೊನೆಗೆರೆ ಇಲ್ಲಿಂದ ಒಂದೇ ಕಿಲೋಮೀಟರ್. ಬನ್ನಿ, ಅಲ್ಲಿಗೆ ನಡೆಯೋಣ" ಎಂದೆ. ಅವರು ಬರಲಿಲ್ಲ. ರಸ್ತೆಬದಿಯಲ್ಲಿ ಬಿದ್ದಿದ್ದ ಬಾಟಲಿಗಳನ್ನು, ಫಾಯಿಲುಗಳನ್ನು ಒಂದು ಕವರಿಗೆ ಹೆಕ್ಕುತ್ತಿದ್ದರು. "ಫಿನಿಶ್ ನೋಡಿ ಅಭ್ಯಾಸ ಇಲ್ಲ. ನಾನು ತಲುಪುವಾಗ ಯಾವಾಗಲೂ ಮುಗಿದಿತ್ತು. ನೀವು ಹೋಗಿ. ಬಂದು ಹೇಳಿ."

ಮಗಳು ಹತ್ತೊಂಬತ್ತನೆಯವಳಾಗಿ ಬಂದಳು. ಕೊನೆಯ ಸುತ್ತಿನಲ್ಲಿ ನಾಲ್ವರನ್ನು ಹಿಂದೆ ಹಾಕಿದ್ದಳು. ಗೆರೆ ದಾಟಿ, ಹುಲ್ಲಿನ ಮೇಲೆ ಸೈಕಲ್ ಸಮೇತ ಅಡ್ಡಬಿದ್ದು, ಆಕಾಶ ನೋಡುತ್ತಾ, "ಅಮ್ಮ, ರೈಸ್ ಕೇಕ್‌ಗೆ ತುಪ್ಪ ಹಾಕಿದ್ಯಾ? ಸತ್ಯ ಹೇಳು" ಎಂದಳು.

"ಒಂದೇ ಚಮಚ" ಎಂದೆ.

"ಕೋಚ್‌ಗೆ ಹೇಳ್ಬೇಡ."

ನಾವಿಬ್ಬರೂ ವಾಪಸ್ಸು ಬಂದಾಗ ಅವರು ಚರ್ಚಿನ ಮೆಟ್ಟಿಲ ಮೇಲೆ ಕೂತಿದ್ದರು, ಬಲಗಾಲು ನೇರಕ್ಕೆ ಚಾಚಿ. ಮಗಳು ಎರಡೂ ಕೈಯ ಬೆರಳು ಹತ್ತು, ಮತ್ತೆ ಒಂಬತ್ತು ತೋರಿಸಿದಳು. ಅವರು ಒಂದು ಸಲ ತಲೆಯಾಡಿಸಿದರು. ಏಳಲು ಹೋದರು, ಆಗಲಿಲ್ಲ. ಇಬ್ಬರೂ ಎರಡು ಕಡೆ ಹಿಡಿದುಕೊಂಡು ವ್ಯಾನಿನವರೆಗೆ ನಡೆಸಿಕೊಂಡು ಬಂದೆವು. ದಾರಿಯುದ್ದಕ್ಕೂ ಅವರು ಮಾತಾಡಿದ್ದು ಮಗಳ ಗೇರು ಬದಲಾವಣೆಯ ಬಗ್ಗೆ ಮಾತ್ರ, ಎರಡನೆಯ ಏರಿನಲ್ಲಿ ಅದು ತಡವಾಯಿತಂತೆ. ರಸ್ತೆಬದಿ ನಿಂತೇ ಅದು ಹೇಗೆ ಗೊತ್ತಾಯಿತೆಂದು ಅವಳು ಕೇಳಿದಳು. "ಸದ್ದು" ಎಂದರು.

ಮನೆ ತಲುಪಿದಾಗ ನಾಲ್ಕು ಗಂಟೆ. ಅವರ ಹೆಂಡತಿ ಬಂದು ರಷ್ಯನ್ ಭಾಷೆಯಲ್ಲಿ ಉದ್ದಕ್ಕೆ ಬೈದರು. ಅದು ಬೈಗುಳವೆಂದು ತಿಳಿಯಲು ಭಾಷೆ ಬೇಕಿರಲಿಲ್ಲ. ಬೈಯುತ್ತಲೇ ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿ, ಸೊಂಟಕ್ಕೆ ಐಸಿನ ಚೀಲ ಕಟ್ಟಿ ಕೂರಿಸಿದರು. ನಾನು ಮನೆಗೆ ಹೋಗಿ ಬಿಸಿಬಿಸಿ ಸಾರು, ಅನ್ನ ಮಾಡಿ, ಸ್ಟೀಲ್ ಡಬ್ಬಿಗಳಲ್ಲಿ ಹಾಕಿ ಅವರಿಬ್ಬರಿಗೂ ಕೊಟ್ಟು ಬಂದೆ. ಏನಾದರೂ ಹೇಳಬೇಕೆಂದುಕೊಂಡು ಹೋಗಿದ್ದೆ. "ಬಿಸಿ ಇದೆ, ನೋಡಿಕೊಂಡು" ಎಂದಷ್ಟೇ ಹೇಳಿ ತಿರುಗಿದೆ.

ಬಿಸಿಲು ಇಳಿಯುತ್ತಿದ್ದ ಹೊತ್ತಿಗೆ ಎದುರುಮನೆಯಾಕೆ ನಾಯಿಯನ್ನು ವಾಕಿಂಗಿಗೆ ಕರೆದುಕೊಂಡು ಬಂದರು. ಧಾರವಾಡದ ಕಡೆಯವರು, ಗಂಡ ಹೆಂಡಿರಿಬ್ಬರೂ ಡಾಕ್ಟರು, ಈ ರಸ್ತೆಗೆ ಬಂದು ಆರು ತಿಂಗಳಾಗಿತ್ತು. ನಾನು ನಮ್ಮ ಡ್ರೈವ್‌ವೇಯಲ್ಲಿ ನಿಂತು ಪೈಪಿನಲ್ಲಿ ಕಾರಿನ ಹಳದಿ ಪುಡಿ ತೊಳೆಯುತ್ತಿದ್ದೆ. ಪಕ್ಕದ ಮನೆಯವರು ಕುರ್ಚಿಯಿಂದೆದ್ದು, ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆಯಿಟ್ಟು ಮನೆಯೊಳಗೆ ಹೋಗುತ್ತಿದ್ದರು. ಆಕೆ ನಾಯಿಯ ಹಗ್ಗ ಬಿಗಿಹಿಡಿದು ಅವರು ಬಾಗಿಲು ಹಾಕಿಕೊಳ್ಳುವವರೆಗೂ ನೋಡಿದರು.

"ಅಲ್ರೀ, ಭಾಳ ಏನ್ ವಯಸ್ಸಾಗಿಲ್ಲ ಆ ಅಂಕಲ್‌ಗೆ, ಹೆಂಗ್ ನಡೀತಾರ್ ನೋಡ್ರಿ" ಎಂದರು. "ದಿನಾ ಒಂದೀಟು ವಾಕಿಂಗ್ ಆದ್ರೂ ಮಾಡ್ರಿ ಅಂತ ನೀವರ ಹೇಳ್ರಿ. ಜೀವನದಾಗ ಒಂದ್ ದಿನಾನೂ ಮೈ ದಂಡಿಸಿಲ್ಲ ಅಂತ ಕಾಣಸ್ತದ."